ಬಾರ್ಸಿಲೋನಾದ ಬೊಂಬೆ ಸಂತೆ 23ಕ್ಕೇ ಮುಗಿಯುತ್ತದೆ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪ್ರವಾಸ ಪುರವಣಿಗಳಲ್ಲಿ ಯುರೋಪಿನ ಕ್ರಿಸ್‌ಮಸ್ ಸಂತೆಗಳ ಪಟ್ಟಿ ಬರುತ್ತದೆ. ಜರ್ಮನಿಯ ಊರುಗಳ ಸಾಲಿಗೇ ಬಾರ್ಸಿಲೋನಾವನ್ನೂ ಸೇರಿಸಿಬಿಡುತ್ತಾರೆ. ಹಿಮ, ಬಿಸಿ ವೈನು, ತಿಂಡಿ ಅಂಗಡಿಗಳ ಸಾಲು ಎಂದುಕೊಂಡು ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ ಅಲ್ಲಿ ಇವು ಯಾವುವೂ ಸಿಗುವುದಿಲ್ಲ. ಮೆಡಿಟರೇನಿಯನ್ ತೀರದ ಆ ಊರಲ್ಲಿ ಡಿಸೆಂಬರ್ ಹಗಲು 14–15 ಡಿಗ್ರಿ ಇರುತ್ತದೆ, ಹಿಮ ಬೀಳುವುದೇ ಅಪರೂಪ. ಕೆಥೆಡ್ರಲ್ ಮುಂದಿನ ಬಯಲಲ್ಲಿ ನೆರೆಯುವ ಸಾಂತಾ ಲೂಸಿಯಾ ಸಂತೆ ತಿನ್ನುವ ಸಂತೆಯಲ್ಲ. ಮನೆಯಲ್ಲಿ ಏಸುವಿನ ಜನನದ ಬೊಂಬೆ ಕೂರಿಸಲು ಊರವರು ಸಾಮಾನು ಕೊಳ್ಳುವ ಜಾಗ ಅದು. ದಸರಾ ಬೊಂಬೆ ಕೂರಿಸುವ ಮನೆಯವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕದ್ದು ತಾನೇ ಅರ್ಥವಾಗುತ್ತದೆ.

ಮೊದಲ ಎಡವಟ್ಟು ದಿನಾಂಕದ್ದು. ಸಂತೆ ನವೆಂಬರ್ ಕೊನೆಯ ವಾರದ ಹೊತ್ತಿಗೆ ಶುರುವಾಗಿ ಡಿಸೆಂಬರ್ 23ಕ್ಕೆ ಮುಗಿಯುತ್ತದೆ. ಬೊಂಬೆ ಕೂರಿಸುವವರ ಖರೀದಿ ಹಬ್ಬಕ್ಕೆ ಮುಂಚೆಯೇ ಮುಗಿದಿರುತ್ತದೆ, ಆಮೇಲೆ ಅಂಗಡಿಗಳಿಗೆ ಕೆಲಸವಿಲ್ಲ. ಶಾಲೆಗೆ ರಜೆ ಕೊಟ್ಟ ಮೇಲೆ ವಿಮಾನ ಹತ್ತಿ 24ಕ್ಕೋ 25ಕ್ಕೋ ಇಳಿಯುವವರಿಗೆ ಕಾಣುವುದು ಖಾಲಿ ಬಯಲು. ಪಟ್ಟಿ ಹಾಕುವವರು ಹೆಸರಿನ ಪಕ್ಕದಲ್ಲೇ ಕೊನೆಯ ದಿನವನ್ನೂ ಅಚ್ಚು ಹಾಕಿದರೆ ಎಷ್ಟೋ ಮನೆಯವರ ದುಡ್ಡು ಉಳಿಯುತ್ತದೆ.

ಮೊದಲೇ ಹೋಗಬಲ್ಲವರೂ ಡಿಸೆಂಬರ್ 6 ಮತ್ತು 8ರ ಆಸುಪಾಸನ್ನು ಬಿಡುವುದು ಒಳ್ಳೆಯದು. ಎರಡೂ ಸರ್ಕಾರಿ ರಜೆ. ನಡುವೆ ಒಂದು ದಿನ ರಜೆ ಹಾಕಿ ಸ್ಪೇನಿನವರೆಲ್ಲ ಊರೂರು ತಿರುಗುವ ವಾರ ಅದು, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಸಂತೆಯೊಳಗೆ ನುಗ್ಗಲಾಗುವುದಿಲ್ಲ. ವಾರದ ಮಧ್ಯದ ದಿನ, ಬೆಳಗ್ಗೆ ಅಂಗಡಿ ತೆಗೆದ ಮೊದಲ ಗಂಟೆಯಲ್ಲಿ ಹೋದರೆ ಬೊಂಬೆಗಳನ್ನು ಕೈಗೆತ್ತಿಕೊಂಡು ನೋಡಬಹುದು, ಮಾರುವವರಿಗೂ ಮಾತಾಡುವಷ್ಟು ಪುರುಸೊತ್ತಿರುತ್ತದೆ. ದೀಪಾಲಂಕಾರವೂ ಬೇಕೆಂದರೆ ಐದೂವರೆ ಹೊತ್ತಿಗೆ ಕತ್ತಲಾಗುತ್ತದೆ, ಆಗ ಇನ್ನೊಂದು ಸುತ್ತು ಹಾಕಬಹುದು. ಡಿಸೆಂಬರ್ 13 ಸಂತ ಲೂಸಿಯಾಳ ದಿನ. ಕಣ್ಣಿನ ದೃಷ್ಟಿಗೂ ಹೊಲಿಗೆ ಕೆಲಸದವರಿಗೂ ಆಕೆ ಪೋಷಕಿ. ಕೆಥೆಡ್ರಲ್‌ಗೆ ಅಂಟಿಕೊಂಡಿರುವ ಆಕೆಯ ಪುಟ್ಟ ಗುಡಿಯ ಮುಂದೆ ಅಂದು ಉದ್ದನೆಯ ಸಾಲು. 1786ರಿಂದ ದಾಖಲೆಯಿರುವ ಈ ಸಂತೆ ಹುಟ್ಟಿದ್ದೇ ಆ ದಿನದ ನೆಪದಲ್ಲಿ.

ಇನ್ನು ಬೊಂಬೆಗಳು. ಏಸುವಿನ ಜನನದ ಈ ಅಲಂಕಾರಕ್ಕೆ, ಬಾರ್ಸಿಲೋನಾ ಇರುವ ಕೆಟಲೋನಿಯಾ ಪ್ರಾಂತ್ಯದ ಕೆಟಲಾನ್ ಭಾಷೆಯಲ್ಲಿ, ಪೆಸೆಬ್ರೆ ಎನ್ನುತ್ತಾರೆ. ಬೊಂಬೆಗಳನ್ನು ಎತ್ತರದ ಲೆಕ್ಕದಲ್ಲಿ, ಸೆಂಟಿಮೀಟರ್‌ನಲ್ಲಿ ಮಾರುತ್ತಾರೆ. ಒಂದು ಅಂಗಡಿಯಲ್ಲಿ 7ರ ಮರಿಯಮ್ಮ, ಇನ್ನೊಂದರಲ್ಲಿ 12ರ ಕುರುಬ ಕೊಂಡರೆ ಮನೆಗೆ ಬಂದ ಮೇಲೆ ಕುರುಬನೇ ದನದ ಕೊಟ್ಟಿಗೆಗಿಂತ ಎತ್ತರ ನಿಲ್ಲುತ್ತಾನೆ. ಮೊದಲು ಒಂದು ಅಳತೆ ಗೊತ್ತು ಮಾಡಿಕೊಳ್ಳಿ. ಬೇಕೆಂದೇ ಬೆರೆಸುವುದಾದರೆ ದೊಡ್ಡವು ಮುಂದೆ, ಚಿಕ್ಕವು ಹಿಂದೆ ಬೆಟ್ಟದ ಮೇಲೆ ಇರಲಿ, ಆಗ ದೂರ ಕಂಡಂತಾಗುತ್ತದೆ. ಪ್ಲಾಸ್ಟಿಕ್ ಬೊಂಬೆಯೂ ಉಂಟು, ಆದರೆ ಕೊಳ್ಳಬೇಕಾದ್ದು ಸುಟ್ಟ ಮಣ್ಣಿಗೆ ಕೈಯಲ್ಲಿ ಬಣ್ಣ ಹಚ್ಚಿದ್ದು. ಮೊದಲು ಮುರಿಯುವುದು ಬೊಂಬೆಯ ಕೈ ಮತ್ತು ಊರುಗೋಲು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕಾಲುಚೀಲದೊಳಗೆ ತೂರಿಸಿ ಕೈಚೀಲದಲ್ಲೇ ಒಯ್ಯಿರಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಗೆ ಹಾಕಬೇಡಿ. ಬೆಲೆ ನಿಗದಿಯಾಗಿರುತ್ತದೆ, ಚೌಕಾಸಿ ಅಲ್ಲಿನ ರೂಢಿಯಲ್ಲ.

ಮಕ್ಕಳು ಮೊದಲು ಬೊಟ್ಟು ಮಾಡಿ ಕೇಳುವುದು ಕೆಂಪು ಟೋಪಿಯ ರೈತನನ್ನು. ಚಡ್ಡಿ ಇಳಿಸಿ ಬಹಿರ್ದೆಸೆಗೆ ಕೂತಿರುತ್ತಾನೆ. ಹೆಸರು ಕಗನೇ. ತಾಯಂದಿರು ನಾಚಿಕೊಂಡು ಮಕ್ಕಳನ್ನು ಎಳೆದುಕೊಂಡು ಮುಂದೆ ಹೋಗುವುದು ಬೇಡ. ಭೂಮಿಗೆ ಗೊಬ್ಬರ ಕೊಟ್ಟು ಮುಂದಿನ ವರ್ಷದ ಬೆಳೆ ತರುವವನು ಎಂದು ಕೆಟಲೋನಿಯಾದ ಮನೆಗಳಲ್ಲಿ ಅವನಿಲ್ಲದೆ ಪೆಸೆಬ್ರೆ ಪೂರ್ತಿಯಾಗುವುದಿಲ್ಲ. 2005ರಲ್ಲಿ ನಗರಸಭೆ ತನ್ನ ಪೆಸೆಬ್ರೆಯಿಂದ ಅವನನ್ನು ಕೈಬಿಟ್ಟಾಗ ಊರು ಗದ್ದಲ ಎಬ್ಬಿಸಿತ್ತು. ಅವನನ್ನು ಕೊಟ್ಟಿಗೆಯ ಎದುರಿಗೆ ಕೂರಿಸಬಾರದು, ಪೊದೆಯ ಮರೆಯಲ್ಲೋ ಸೇತುವೆಯ ಬದಿಯಲ್ಲೋ ಇಡಬೇಕು. ಮನೆಗೆ ಬಂದ ಮಕ್ಕಳು ಅವನನ್ನು ಹುಡುಕಬೇಕು, ಅದೇ ಆಟ. ರಾಜಕಾರಣಿಗಳು, ಫುಟ್‌ಬಾಲ್ ಆಟಗಾರರ ಮುಖದ ಕಗನೇಗಳೂ ಸಾಲುಗಟ್ಟಿ ಕೂತಿರುತ್ತವೆ. ನಗು ತರಿಸುತ್ತವೆ, ಬೇರೇನಿಲ್ಲ. ಹಳೆಯ ರೈತನೇ ಚೆಂದ.

ಇನ್ನೊಂದು ತಿಯೋ. ಮರದ ತುಂಡಿಗೆ ಮುಂದೆ ಎರಡು ಕಾಲು, ಒಂದು ನಗುಮುಖ, ತಲೆಗೆ ಕೆಂಪು ಟೋಪಿ. ಡಿಸೆಂಬರ್ 8ರಿಂದ ಮಕ್ಕಳು ರಾತ್ರಿ ರಾತ್ರಿ ಅದರ ಮುಂದೆ ಕಿತ್ತಳೆ ಸಿಪ್ಪೆ, ಬ್ರೆಡ್ಡು ಇಡುತ್ತಾರೆ, ಚಳಿಯಾಗದಿರಲೆಂದು ಕಂಬಳಿ ಹೊದಿಸುತ್ತಾರೆ. 24ರ ರಾತ್ರಿ ಕೋಲಿನಿಂದ ಬಡಿದು ಹಾಡಿದರೆ ಕಂಬಳಿಯ ಅಡಿಯಲ್ಲಿ ಮಿಠಾಯಿ 'ಹಾಕುತ್ತದೆ'. ಅದನ್ನು 'ಕಗಾ ತಿಯೋ' ಎನ್ನುವುದೂ ಅದಕ್ಕೇ, ಕಗಾ ಎಂದರೆ ಕಕ್ಕ ಮಾಡು ಎಂದರ್ಥ. ಗುಟ್ಟು ಉಳಿಯುವುದು ದೊಡ್ಡವರ ಕೈಚಳಕದಲ್ಲಿ: ಕೋಲು ಬೆಚ್ಚಗೆ ಮಾಡಿಕೊಂಡು ಬನ್ನಿ ಎಂದು ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿ, ಆ ಹೊತ್ತಿನಲ್ಲಿ ಕಂಬಳಿ ಎತ್ತಿ ತುಂಬಬೇಕು. ಹಾಕುವುದೂ ಚಿಕ್ಕಚಿಕ್ಕದು. ದೊಡ್ಡ ಆಟಿಕೆ ತರುವವರು ಜನವರಿ 6ರ ಮೂವರು ರಾಜರು, ಅಂದರೆ ಏಸುವನ್ನು ನೋಡಲು ಕಾಣಿಕೆ ಹಿಡಿದು ಬಂದವರು. ಊರಿಗೆ ತರುವುದಾದರೆ ಗೇಣುದ್ದದ ತಿಯೋ ಸಾಕು. ಅದೂ ತೊಗಟೆ ತೆಗೆದದ್ದೇ ಇರಲಿ, ತೊಗಟೆಯಲ್ಲಿ ಹುಳು ಇರಬಹುದು. ಇನ್ನೊಂದು ಸಾಲಿನಲ್ಲಿ ಮಾರುವ ಪಾಚಿ, ಬದನಿಕೆ, ಹಸಿ ಕೊಂಬೆಗಳನ್ನು ಕೊಳ್ಳಲೇಬೇಡಿ. ಸಸ್ಯರೋಗ ತಪಾಸಣೆಯ ಪತ್ರವಿಲ್ಲದೆ ಅವು ನಮ್ಮ ವಿಮಾನ ನಿಲ್ದಾಣದಿಂದ ಆಚೆ ಬರುವಂತಿಲ್ಲ.

ಸಿಂಬೋಂಬಾ ಎಂಬ ವಾದ್ಯ ಕಂಡರೆ ಮಕ್ಕಳು ಬಿಡುವುದಿಲ್ಲ. ಮಡಕೆಯ ಬಾಯಿಗೆ ಚರ್ಮ ಬಿಗಿದು ನಡುವೆ ಒಂದು ಕಡ್ಡಿ ನಿಲ್ಲಿಸಿರುತ್ತಾರೆ. ಒಣಗೈಯಲ್ಲಿ ಎಷ್ಟು ಉಜ್ಜಿದರೂ ಸದ್ದು ಬರದು. ಅಂಗೈ ಒದ್ದೆ ಮಾಡಿ ಕಡ್ಡಿಯನ್ನು ಮೇಲೆ ಕೆಳಗೆ ಜಾರಿಸಬೇಕು, ಆಗ ಕಪ್ಪೆ ವಟಗುಟ್ಟಿದಂತೆ ಕೇಳುತ್ತದೆ.

ಹೊಟ್ಟೆಯ ವಿಚಾರ. ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಒಂದರಿಂದ ನಾಲ್ಕರವರೆಗೆ. ಆಮೇಲೆ ಎಷ್ಟೋ ಕಡೆ ರಾತ್ರಿ ಎಂಟರ ತನಕ ಒಲೆ ಹಚ್ಚುವುದಿಲ್ಲ. ಆರು ಗಂಟೆಗೆ ಮಕ್ಕಳು ಹಸಿವೆಂದು ಅಳುವುದು ಅದಕ್ಕೇ. ಆ ಹೊತ್ತಿಗೆ ಆಸರೆ ಎಂದರೆ ರಸ್ತೆ ಬದಿಯ ಸುಟ್ಟ ಚೆಸ್ಟ್‌ನಟ್, ಸುಟ್ಟ ಗೆಣಸು, ಇಲ್ಲವೇ ಹತ್ತಿರದ ಪೆಟ್ರಿಚೋಲ್ ಬೀದಿಯ ಗಟ್ಟಿ ಚಾಕೊಲೇಟ್ ಪಾನೀಯ ಮತ್ತು ಚುರೋಸ್. ಹಬ್ಬದ ಗಾಲೆಟ್ಸ್ ಸೂಪಿನಲ್ಲಿ ಬರೀ ಪಾಸ್ತಾ ಕಾಣುತ್ತದೆ, ಆದರೆ ಅದು ಬೆಂದಿರುವುದು ಮಾಂಸದ ಸಾರಿನಲ್ಲಿ. ಬಾದಾಮಿ, ಜೇನಿನ ತುರ್ರೋನ್ ಮಿಠಾಯಿಗೆ ಮೊಟ್ಟೆಯ ಬಿಳಿಭಾಗ ಹಾಕುತ್ತಾರೆ. ಮೊಟ್ಟೆ ಮುಟ್ಟದವರು, ಬಾದಾಮಿ ಒಗ್ಗದ ಮಕ್ಕಳಿರುವವರು ಪೊಟ್ಟಣದ ಹಿಂಬದಿ ಓದಿಯೇ ಕೊಳ್ಳಬೇಕು.

ಮೆಟ್ರೋದ ಹಳದಿ ಗೆರೆಯ ಜಾವ್ಮೆ ಪ್ರಿಮೇ ನಿಲ್ದಾಣದಿಂದ ಸಂತೆಗೆ ಐದು ನಿಮಿಷದ ನಡಿಗೆ. ಹತ್ತು ಸವಾರಿಯ ಟಿ-ಕ್ಯಾಷುಯಲ್ ಚೀಟಿ ಒಬ್ಬರಿಗೆ ಮಾತ್ರ. ಅದನ್ನೇ ಎಲ್ಲರಿಗೂ ಒತ್ತಿದರೆ ದಂಡ. ಮನೆಮಂದಿಗೆಲ್ಲ ಒಂದೇ ಚೀಟಿ ಸಾಕೆಂದರೆ ಟಿ-ಫ್ಯಾಮಿಲಿಯರ್ ಕೊಳ್ಳಬೇಕು. ಅದರಲ್ಲಿ 8 ಸವಾರಿ, ನಾಲ್ವರಾದರೆ ಹೋಗಿ ಬರುವುದಕ್ಕೆ ಸರಿಯಾಯಿತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ವಿಮಾನ ನಿಲ್ದಾಣದ ಮೆಟ್ರೋಗೆ ಇವೆರಡೂ ನಡೆಯುವುದಿಲ್ಲ.

ಜೇಬುಗಳ್ಳರು ಈ ಗುಂಪಿಗಾಗಿಯೇ ಕಾದಿರುತ್ತಾರೆ. ಬೊಂಬೆ ನೋಡಲು ಎಲ್ಲರೂ ಬಗ್ಗಿದಾಗ ಬೆನ್ನ ಚೀಲ ಅನಾಥವಾಗುತ್ತದೆ, ಅದನ್ನು ಎದೆಗೆ ಹಾಕಿಕೊಳ್ಳಿ. ಪಾಸ್‌ಪೋರ್ಟ್ ಕೋಣೆಯಲ್ಲಿರಲಿ, ನಕಲು ಜೊತೆಗಿರಲಿ. ಮಕ್ಕಳು ಕೈತಪ್ಪಿದರೆ ಸೇರುವ ಜಾಗವನ್ನು ಮೊದಲೇ ತೋರಿಸಿ. ರೋಮನ್ ಗೋಪುರಗಳ ಮುಂದೆ ಊರಿನ ಹಳೆಯ ಹೆಸರಾದ ಬಾರ್ಸಿನೋ ಎಂಬುದನ್ನು ದೊಡ್ಡ ಲೋಹದ ಅಕ್ಷರಗಳಲ್ಲಿ ನಿಲ್ಲಿಸಿದ್ದಾರೆ, ಐದು ವರ್ಷದ ಮಗುವೂ ಮರೆಯುವುದಿಲ್ಲ. ತುರ್ತಿಗೆ 112.

23 ದಾಟಿದ ಮೇಲೆ ಹೋಗುವವರಿಗೂ ಒಂದು ದಾರಿಯಿದೆ. ಗ್ರಾನ್ ವಿಯಾ ರಸ್ತೆಯಲ್ಲಿ ಮೂವರು ರಾಜರ ಹೆಸರಿನ ಆಟಿಕೆ ಸಂತೆ ಜನವರಿ ಮೊದಲ ವಾರದವರೆಗೂ ಇರುತ್ತದೆ. ಅಲ್ಲಿ ಪೆಸೆಬ್ರೆಯ ಸೊಗಸಿಲ್ಲ ನಿಜ, ಆದರೆ 5ರ ಸಂಜೆ ರಾಜರ ಮೆರವಣಿಗೆ ಹೊರಡುತ್ತದೆ, ಗಾಡಿಗಳ ಮೇಲಿಂದ ಮಿಠಾಯಿ ಎರಚುತ್ತಾರೆ. ಮಕ್ಕಳ ಕೈಗೊಂದು ಬಟ್ಟೆ ಚೀಲ ಕೊಟ್ಟು, ಒಂದು ಗಂಟೆ ಮುಂಚೆ ರಸ್ತೆಯ ಅಂಚಿನಲ್ಲಿ ಜಾಗ ಹಿಡಿಯಬೇಕು.

ಇಂತಿ,
ಒಬ್ಬ ಓದುಗ