ಎಣ್ಣೆ ಒರೆಸುವ ಕೆಲಸ

ಮಿಲ್ನ್ ಇನ್ಲೆಟ್, ಬ್ಯಾಫಿನ್ ದ್ವೀಪ, ಕೆನಡಾ
24 ಆಗಸ್ಟ್ 2025

ತೀರ್ಥರೂಪರಾದ ಅಪ್ಪ ಅಮ್ಮನಿಗೆ ಸುಮಾಳ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ಫೋನಿನಲ್ಲಿ ಅಮ್ಮ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ: "ಎಣ್ಣೆ ಒರೆಸುವ ಕೆಲಸಕ್ಕಾ ಮಾರಾಯ್ತಿ, ಅಷ್ಟು ದೂರ ಹೋದದ್ದು?" ಉತ್ತರ ಹೇಳುವ ಮೊದಲೇ ಲೈನ್ ಕಟ್ಟಾಯಿತು. ಈ ಗಣಿ ಬಂದರಿನಲ್ಲಿ ಸಮುದ್ರಕ್ಕೆ ಎಣ್ಣೆ ಸೋರಿದರೆ ಹರಡದಂತೆ ತಡೆದು ತೆಗೆಯುವುದು ನನ್ನ ಕೆಲಸ. ಇವತ್ತು ಗಾಳಿ ಜೋರು, ದೋಣಿ ಇಳಿಸುವ ಹಾಗಿಲ್ಲ. ಕೂತು ಬರೆಯುತ್ತಿದ್ದೇನೆ.

ಅಪ್ಪನಿಗೆ ಇಲ್ಲಿಯ ವ್ಯವಹಾರ ಬೇಗ ಅರ್ಥವಾದೀತು. ಕುದುರೆಮುಖದಲ್ಲಿ ನೀವು ಕಬ್ಬಿಣದ ಅದಿರನ್ನು ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದಿರಲ್ಲ, ಇಲ್ಲಿ ಮೇರಿ ರಿವರ್ ಗಣಿಯಿಂದ ಈ ಬಂದರಿಗೆ ಸುಮಾರು 100 ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ಲಾರಿಗಳೇ ಹೊತ್ತು ತರುತ್ತವೆ. ಅದಿರು ಎಷ್ಟು ಚೊಕ್ಕ ಎಂದರೆ ಒಡೆದು ಜರಡಿ ಹಿಡಿದರೆ ಮುಗಿಯಿತು. ಕುದುರೆಮುಖದ ಲಕ್ಯಾ ಅಣೆಕಟ್ಟಿನಂಥ ಕೆಸರಿನ ಕೆರೆ ಬೇಕಾಗಿಯೇ ಇಲ್ಲ. ನಿಮಗೆ ಹೊಟ್ಟೆಕಿಚ್ಚಾದರೆ ಆಗಲಿ.

ಆದರೆ ಸಮುದ್ರ ತೆರೆದಿರುವುದು ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಮಾತ್ರ. ಆಮೇಲೆ ಮಂಜುಗಡ್ಡೆ. ವರ್ಷವಿಡೀ ರಾಶಿ ಹಾಕಿದ ಅದಿರು ಅಷ್ಟರೊಳಗೆ ಹೊರಡಬೇಕು, ವರ್ಷಕ್ಕೆ ಬೇಕಾದ ಡೀಸೆಲ್ ಅಷ್ಟರೊಳಗೆ ಬರಬೇಕು. ಲಾರಿ, ಜನರೇಟರ್, ನಾವು ಮಲಗುವ ಕೋಣೆಯ ಬಿಸಿ, ಎಲ್ಲವೂ ಅದರಲ್ಲೇ. ಅಮ್ಮ ಮಳೆ ಹಿಡಿಯುವ ಮೊದಲು ಸೌದೆ, ಹಪ್ಪಳ, ಹುಣಸೆಹುಳಿ ಎಲ್ಲ ಅಟ್ಟಕ್ಕೆ ಏರಿಸುತ್ತಿದ್ದ ಹಾಗೆ. ವ್ಯತ್ಯಾಸ ಇಷ್ಟೇ, ಹಪ್ಪಳದ ಡಬ್ಬಿ ಒಡೆದರೆ ಹೊಳೆ ಕೆಡುವುದಿಲ್ಲ. 2020ರ ಮೇ 29ರಂದು ರಷ್ಯಾದ ನೊರಿಲ್ಸ್ಕ್‌ನಲ್ಲಿ ಒಂದು ಟ್ಯಾಂಕಿನ ಬುಡ ಕುಸಿದು 20,000 ಟನ್‌ಗೂ ಹೆಚ್ಚು ಡೀಸೆಲ್ ಹರಿದು ಹೊಳೆಯ ನೀರು ಕೆಂಪಾಗಿತ್ತು. ಅದಕ್ಕೇ ಟ್ಯಾಂಕುಗಳ ಸುತ್ತ ಕಟ್ಟೆ ಕಟ್ಟಿ, ಒಳಗೆ ಸೋರದ ಹಾಳೆ ಹಾಸುವುದು. ಅತಿ ದೊಡ್ಡ ಟ್ಯಾಂಕು ಪೂರ್ತಿ ಖಾಲಿಯಾದರೂ ಕಟ್ಟೆ ತುಂಬಿ ಹೊರಚೆಲ್ಲಬಾರದು.

ನನ್ನ ಕೆಲಸ ಟ್ಯಾಂಕರ್ ಹಡಗು ಬಂದಾಗ. ಹೋಸ್ ಜೋಡಿಸುವ ಮುಂಚೆ ನೀರಿನ ಮೇಲೆ ಬೂಮ್ ಎಂಬ ತೇಲುವ ಬೇಲಿ ಎಳೆಯುತ್ತೇವೆ. ಸೋರಿದರೆ ಎಣ್ಣೆ ಅದರೊಳಗೇ ನಿಲ್ಲಬೇಕು, ನಾವು ಯಂತ್ರದಿಂದ ಕೆನೆ ತೆಗೆದ ಹಾಗೆ ತೆಗೆಯಬೇಕು. ಉಳಿದದ್ದಕ್ಕೆ, ನೀರು ಮುಟ್ಟದೆ ಎಣ್ಣೆ ಮಾತ್ರ ಕುಡಿಯುವ ಬಿಳಿ ಹಾಳೆಗಳಿವೆ. ಹೌದಮ್ಮ, ಒರೆಸುತ್ತೇವೆ. ನೆಲದ ಮೇಲೆ 100 ಲೀಟರ್ ಡೀಸೆಲ್ ಚೆಲ್ಲಿದರೂ ಸರ್ಕಾರಕ್ಕೆ ಕೂಡಲೇ ಫೋನ್ ಹೋಗಬೇಕು, ಹಗಲಾಗಲಿ ರಾತ್ರಿಯಾಗಲಿ.

ಕಳೆದ ವಾರದ ಅಣಕು ಕವಾಯತು ಕೇಳಿ. ನಿಜವಾದ ಎಣ್ಣೆ ಸುರಿಯುವ ಹಾಗಿಲ್ಲವಲ್ಲ, ಬದಲಿಗೆ ಕಿತ್ತಳೆಹಣ್ಣು ಎಸೆಯುತ್ತಾರೆ. ತೇಲುತ್ತದೆ, ದೂರದಿಂದ ಕಾಣುತ್ತದೆ. ಹಣ್ಣೆಲ್ಲ ವಿಮಾನದಲ್ಲೇ ಬರುವ ಊರಿನಲ್ಲಿ 40 ಕಿತ್ತಳೆ ಸಮುದ್ರಕ್ಕೆ! ನನಗೆ ಹೊಟ್ಟೆ ಉರಿಯಿತು. ಬೂಮ್ ಕಟ್ಟುವ ಸರದಿ ನನ್ನದು. ಬೇಲಿಯನ್ನು ನೀರಿನ ಓಟಕ್ಕೆ ನೇರ ಅಡ್ಡ ಕಟ್ಟಿಬಿಟ್ಟೆ. ಓಟ ಒಂದು ನಾಟ್ (ಗಂಟೆಗೆ ಎರಡು ಕಿಲೋಮೀಟರಿಗಿಂತ ತುಸು ಕಡಿಮೆ) ಮುಟ್ಟುವ ಮೊದಲೇ ಹಾಗೆ ಕಟ್ಟಿದ ಬೇಲಿಯ ಅಡಿಯಿಂದ ಎಣ್ಣೆ ನುಸುಳುತ್ತದೆ, ಓರೆಯಾಗಿ ಕಟ್ಟಿ ದಡದ ಕಡೆ ತಿರುಗಿಸಬೇಕು. ಪಾಠದಲ್ಲಿ ಗೊತ್ತಿತ್ತು, ಕೈಯಲ್ಲಿ ಇರಲಿಲ್ಲ. ಹೊಡೆತಕ್ಕೆ ಬೂಮ್ ಒಂದು ಕಡೆ ಮಗುಚಿತು. ಕಿತ್ತಳೆಗಳು ಸಾಲಾಗಿ ಹೊರಟವು.

ಜೊತೆಗಿದ್ದವರು ಪಾಂಡ್ ಇನ್ಲೆಟ್ ಊರಿನ ಹಿರಿಯರೊಬ್ಬರು, ಇಲ್ಲಿಯ ಮೂಲನಿವಾಸಿ ಇನ್ಯುಯಿಟ್ ಜನಾಂಗದವರು, ಬೇಟೆಗಾರರು. ಬೈಯಲಿಲ್ಲ. ಬೂಮ್ ಕಡೆ ನೋಡದೆ ತಮ್ಮ ದೋಣಿಯನ್ನು ಒಂದು ಬಂಡೆಯ ಹಿಂದಕ್ಕೆ ಒಯ್ದರು. ಕಿತ್ತಳೆಗಳು ಅಲ್ಲಿಗೇ ಬಂದವು! ನೀರು ಎಲ್ಲಿ ಸುತ್ತುತ್ತದೆ ಎಂಬುದು ನಮ್ಮ ನಕ್ಷೆಯಲ್ಲಿಲ್ಲ. ಒಂದನ್ನು ಸುಲಿದು ತಿನ್ನುತ್ತಾ ಹೇಳಿದರು, ಬೇಸಿಗೆಯ ಎಣ್ಣೆಗಿಂತ ಅವರಿಗೆ ಭಯ ಅಕ್ಟೋಬರ್‌ನದು. ಮಂಜುಗಡ್ಡೆಯ ಅಡಿ ಸೇರಿದ ಎಣ್ಣೆಯ ಕೆಳಗೆ ಮತ್ತೆ ಹೊಸ ಗಡ್ಡೆ ಕಟ್ಟುತ್ತದೆ, ಅದು ಚಳಿಗಾಲವಿಡೀ ಒಳಗೇ ಕೂತು ವಸಂತದಲ್ಲಿ ಮೇಲೆ ಬರುತ್ತದೆ, ಸೀಲ್ ಎಂಬ ಕಡಲಪ್ರಾಣಿಗಳು ಮರಿ ಹಾಕುವ ಹೊತ್ತಿಗೆ. ಗಡ್ಡೆಯ ನಡುವೆ ನಮ್ಮ ಬೂಮ್ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಹರಿದುಹೋಗುತ್ತದೆ.

ಕರೆದರೆ ಬರುವವರು ಯಾರು ಎಂದು ಅಪ್ಪ ಕೇಳುತ್ತೀರಿ. ಕೆನಡಾದಲ್ಲಿ ಎಣ್ಣೆ ಸೋರಿದರೆ ಓಡಿಬರಲು ಸರ್ಕಾರ ಮಾನ್ಯ ಮಾಡಿದ ಸಂಸ್ಥೆಗಳಿವೆ, ಆದರೆ ಅವುಗಳ ಹೊಣೆ 60ನೇ ಅಕ್ಷಾಂಶದ ದಕ್ಷಿಣಕ್ಕೆ. ನಾವಿರುವುದು 72ರ ಹತ್ತಿರ. ಕೋಸ್ಟ್ ಗಾರ್ಡ್ ಹಡಗು ಎಲ್ಲಿದೆಯೋ ಅಲ್ಲಿಂದ ಬರಬೇಕು. ಅಷ್ಟರವರೆಗೆ ದಡದ ಕಂಟೇನರಿನಲ್ಲಿ ಇದ್ದದ್ದೇ ಸಾಮಾನು, ನಾವೇ ಜನ. ಡಾಂಬರಿನಂಥ ದಪ್ಪ ಎಣ್ಣೆ (ಹೆವಿ ಫ್ಯೂಯೆಲ್ ಆಯಿಲ್) ಉರಿಸುವ ಹಡಗುಗಳಿಗೆ ಆರ್ಕ್ಟಿಕ್‌ನಲ್ಲಿ 2024ರ ಜುಲೈ 1ರಿಂದ ನಿಷೇಧ ಬಂದಿದೆ, ಆದರೆ ಕೆಲವು ಬಗೆಯ ಹಡಗುಗಳಿಗೆ 2029ರವರೆಗೆ ವಿನಾಯಿತಿ. ಮದುವೆಗೆ ಬರುತ್ತೇವೆ, ಊಟ ಮುಗಿದ ಮೇಲೆ ಎಂದ ಹಾಗಾಯಿತು.

ಕವಾಯತಿನ ವರದಿಯಲ್ಲಿ 40ರಲ್ಲಿ 33 ಸಿಕ್ಕಿತು ಎಂದು ಬರೆದೆ. ತಿಂದದ್ದನ್ನೂ ಸೇರಿಸಿದ್ದೇನೆ.

ಮುಂದಿನ ವಾರ ಟ್ಯಾಂಕರ್ ಬರುತ್ತದೆ, ಮೂರು ದಿನ ಫೋನ್ ಮಾಡಲಿಕ್ಕಾಗದು, ಗಾಬರಿಯಾಗಬೇಡಿ. ಅಪ್ಪ ಬಿಪಿ ಮಾತ್ರೆ ಬಿಡಬೇಡಿ. ಅಮ್ಮ, ಹಲಸಿನ ಹಪ್ಪಳ ಉಳಿದಿದ್ದರೆ ಎತ್ತಿಡು.

ಇತಿ ನಿಮ್ಮ ಮಗಳು,
ಸುಮಾ