ಕಸ ಗುಡಿಸಿದ ಮೇಲೆ ಏನು ಮಾಡುತ್ತಾರೆ?

ಮಾನ್ಯ ಸಂಪಾದಕರೇ,

ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತರಗತಿ ಗುಡಿಸಿ ನೆಲ ಒರೆಸುತ್ತಾರೆ ಎಂಬ ಲೇಖನ ನಿಮ್ಮ ಪತ್ರಿಕೆಯಲ್ಲಿ ಮತ್ತೊಮ್ಮೆ ಬಂದಿದೆ. ನಿಜವೇ. ಆದರೆ ಗುಡಿಸಿದ ಮೇಲೆ ಅವರೇನು ಮಾಡುತ್ತಾರೆಂದು ಯಾರೂ ಬರೆಯುವುದಿಲ್ಲ. ಒಸಾಕಾ ಮತ್ತು ಕೊಬೆ ನಡುವಿನ ನಿಶಿನೊಮಿಯಾದಲ್ಲಿ ಸಂಸಾರ ಹೂಡಿರುವ ನಾನು ಈ ಕೊರತೆಯನ್ನು ಸ್ವಲ್ಪ ತುಂಬುತ್ತೇನೆ.

ಮಾಧ್ಯಮಿಕ ಮತ್ತು ಪ್ರೌಢಶಾಲೆಯ ಮಕ್ಕಳು ಹೆಚ್ಚಾಗಿ ನೇರ ಮನೆಗೆ ಹೋಗುವುದಿಲ್ಲ. 'ಬುಕಾತ್ಸು' ಎಂಬ ಶಾಲಾ ಕ್ಲಬ್ಬಿಗೆ ಹೋಗುತ್ತಾರೆ. ಬೇಸ್‌ಬಾಲ್, ಕೆಂಡೊ ಎಂಬ ಬಿದಿರುಕತ್ತಿಯ ವರಸೆ, ಟೆನಿಸ್, ಕುಂಚದ ಬರಹ, ವಾದ್ಯವೃಂದ, ಹೀಗೆ ಒಂದಕ್ಕೆ ಸೇರಿದರೆ ಸಾಮಾನ್ಯವಾಗಿ ಕೊನೆಯ ವರ್ಷದವರೆಗೂ ಅದೇ. ನಮ್ಮ ಪಕ್ಕದ ಮನೆಯ ಹುಡುಗಿ ಟ್ರೊಂಬೋನ್ ಎಂಬ ಉದ್ದನೆಯ ಹಿತ್ತಾಳೆ ವಾದ್ಯ ಊದುತ್ತಾಳೆ. ಭಾನುವಾರವೂ ಸಮವಸ್ತ್ರ ತೊಟ್ಟು, ಉದ್ದನೆಯ ಪೆಟ್ಟಿಗೆ ಬೆನ್ನಿಗೇರಿಸಿಕೊಂಡು ಬೆಳಿಗ್ಗೆಯೇ ಹೊರಡುತ್ತಾಳೆ. ಒಂದೇ ವರ್ಷ ಹಿರಿಯಳಾದವಳಿಗೂ ತಲೆಬಾಗಬೇಕು, ಹೊಸಬರು ಮೊದಲೇ ಹೋಗಿ ಕುರ್ಚಿ ಜೋಡಿಸಬೇಕು. ಇದು ಹವ್ಯಾಸವೋ ನೌಕರಿಯೋ? ಸರ್ಕಾರಕ್ಕೂ ಅದೇ ಅನುಮಾನ ಬಂದಿರಬೇಕು. ವಾರಕ್ಕೆ ಕನಿಷ್ಠ ಎರಡು ದಿನ ಬಿಡುವು ಕೊಡಿ, ಶಾಲೆಯಿರುವ ದಿನ ಎರಡು ಗಂಟೆ, ರಜೆಯ ದಿನ ಮೂರು ಗಂಟೆ ಸಾಕು ಎಂದು 2018ರಲ್ಲಿ ಕ್ರೀಡಾ ಕ್ಲಬ್ಬುಗಳಿಗೆ ಮಾರ್ಗಸೂಚಿ ಹೊರಡಿಸಿತು. 2023ರಿಂದ ಸರ್ಕಾರಿ ಮಾಧ್ಯಮಿಕ ಶಾಲೆಗಳ ರಜಾದಿನದ ಕ್ಲಬ್ಬುಗಳನ್ನು ಹಂತಹಂತವಾಗಿ ಊರಿನ ಸಂಘಗಳಿಗೆ ಒಪ್ಪಿಸುವ ಕೆಲಸ ನಡೆದಿದೆ. ಕಾರಣ, ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಕ್ಲಬ್ಬು ನಡೆಸುವ ಮೇಷ್ಟ್ರುಗಳು ಹೈರಾಣಾಗಿದ್ದಾರೆ.

ಆಗಸ್ಟ್‌ನಲ್ಲಿ ನಮ್ಮೂರಿನ ಕೊಶಿಯೆನ್ ಕ್ರೀಡಾಂಗಣದಲ್ಲಿ ಪ್ರೌಢಶಾಲಾ ಬೇಸ್‌ಬಾಲ್ ನಡೆಯುತ್ತದೆ. ಸೋತ ತಂಡದ ಹುಡುಗರು ಮಂಡಿಯೂರಿ, ನೆನಪಿಗೆಂದು ಅಂಗಳದ ಮಣ್ಣನ್ನು ಕೈಯಾರೆ ಬಾಚಿ ಶೂ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಅನೇಕರ ಕೂದಲು ಬುಡಕ್ಕೇ ಕತ್ತರಿಸಿರುತ್ತದೆ. 2023ರಲ್ಲಿ ಕೇಯೊ ಶಾಲೆಯವರು ಕೂದಲು ಬಿಟ್ಟುಕೊಂಡೇ 107 ವರ್ಷಗಳ ಬಳಿಕ ಪ್ರಶಸ್ತಿ ಗೆದ್ದಾಗ ಆಟದಷ್ಟೇ ಕೂದಲೂ ಚರ್ಚೆಯಾಯಿತು! ಬಿಸಿಲು ತಾಳಲಾರದೆ 2024ರಿಂದ ಕೆಲವು ದಿನಗಳ ಪಂದ್ಯಗಳನ್ನು ಬೆಳಿಗ್ಗೆ ಮತ್ತು ಸಂಜೆಗೆ ಹಂಚಿದ್ದಾರೆ.

ಹಾಗೆಂದು ಮೋಜಿಲ್ಲವೆಂದಲ್ಲ. ಪರೀಕ್ಷೆ ಮುಗಿದ ಮಧ್ಯಾಹ್ನ ಕರೋಕೆ ಕೋಣೆಗಳು ಸಮವಸ್ತ್ರದವರಿಂದ ತುಂಬುತ್ತವೆ. ಯಂತ್ರ ಹಾಡಿಗೆ ಅಂಕ ಕೊಡುತ್ತದೆ. ಅಲ್ಲಿಯೂ ಅಂಕ ತಪ್ಪಿದ್ದಲ್ಲ, ಪಾಪ. ಹುಡುಗಿಯರಿಗೆ 'ಪುರಿಕುರಾ' ಎಂಬ ಫೋಟೊ ಪೆಟ್ಟಿಗೆಯೆಂದರೆ ಪ್ರಾಣ. ಅದು ಕಣ್ಣು ಹಿಗ್ಗಿಸಿ, ಮುಖ ನುಣುಪು ಮಾಡುತ್ತದೆ. ಪರದೆಯ ಮೇಲೆ ಹೆಸರು, ತಾರೀಖು ಗೀಚಿದರೆ ಅಂಟುಚಿತ್ರದ ಹಾಳೆ ಹೊರಬರುತ್ತದೆ, ಕತ್ತರಿಸಿ ಹಂಚಿಕೊಳ್ಳುತ್ತಾರೆ. ಟ್ರೊಂಬೋನ್ ಹುಡುಗಿ ಅಂಥದೊಂದನ್ನು ಮೊಬೈಲ್ ಕವಚದೊಳಗೆ ಇಟ್ಟುಕೊಂಡಿದ್ದಾಳೆ. ನಾಲ್ವರಲ್ಲಿ ಅವಳು ಯಾರೆಂದು ಎಷ್ಟು ನೋಡಿದರೂ ನನಗೆ ಗುರುತು ಹತ್ತಲಿಲ್ಲ.

ಜಪಾನಿನ ಮಕ್ಕಳನ್ನು ಶಿಸ್ತಿನ ಮಾದರಿಯೆಂದು ತೋರಿಸುವ ಲೇಖಕರು, ಆ ಶಿಸ್ತಿನ ಹೊರೆ ಇಳಿಸಲು ಇಲ್ಲಿಯವರೇ ಹೆಣಗುತ್ತಿರುವುದನ್ನೂ ದಯವಿಟ್ಟು ಬರೆಯಲಿ. ಅಂಟುಚಿತ್ರಕ್ಕೂ ಒಂದು ಸಾಲು ಸಿಕ್ಕರೆ ಸಂತೋಷ.

— ಒಬ್ಬ ಓದುಗಿ, ನಿಶಿನೊಮಿಯಾ, ಜಪಾನ್