ಯೋಬನ ಮಾತನ್ನ ಅಳೋರ ಮೇಲೆ ಎಸೀಬೇಡಿ

ಸಂಪಾದಕರಿಗೆ ನಮಸ್ಕಾರ,

ಸಾವಾದ ಮನೇಲಿ "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಅನ್ನೋ ವಚನ, ಬೈಬಲಿನಲ್ಲಿ ಮಕ್ಕಳನ್ನೆಲ್ಲಾ ಕಳ್ಕೊಂಡ ಯೋಬನ ಮಾತು, ಯಾರಾದ್ರೂ ಹೇಳೇ ಹೇಳ್ತಾರೆ. ನಮ್ಮ ಅಕ್ಕನ ಮಗು ತೀರಿಕೊಂಡಾಗ್ಲೂ ಒಬ್ರು ಹೇಳಿದ್ರು, ಹೇಳಿ ಅಷ್ಟಕ್ಕೇ ಬಿಡದೆ "ಎಲ್ಲೋ ಏನೋ ತಪ್ಪಾಗಿರ್ಬೇಕು, ಪ್ರಾರ್ಥನೆ ಮಾಡಿ ಸರಿಮಾಡ್ಕೊ" ಅಂದ್ರು. ಆಮೇಲೆ ಎಷ್ಟೋ ದಿನ ಅಕ್ಕ ಬೈಬಲ್ ಮುಟ್ಲಿಲ್ಲ.

ಸುಖ ದುಃಖ ಎರಡೂ ದೇವರ ಕೈಲೇ ಇದೆ ಅಂತ ಬೈಬಲ್ ಹೇಳೋದು ನಿಜ, ಅದನ್ನ ನಾನೂ ನಂಬ್ತೀನಿ. ಯೆಶಾಯ 45:7ರಲ್ಲಿ ಬೆಳಕು ಕತ್ತಲೆ, ಮೇಲು ಕೇಡು ಎಲ್ಲಾ ನನ್ನಿಂದಲೇ ಅಂತ ದೇವರೇ ಹೇಳ್ತಾನೆ. ಅಲ್ಲಿ ಕೇಡು ಅನ್ನೋದಕ್ಕಿರೋ ಹೀಬ್ರೂ ಪದ 'ರಾ', ಅದನ್ನ ದುಷ್ಟತನಕ್ಕೂ ಬಳಸ್ತಾರೆ ವಿಪತ್ತಿಗೂ ಬಳಸ್ತಾರೆ, ಆದ್ರೆ ಇಲ್ಲಿ ಅದು ಮೇಲು ಅನ್ನೋದಕ್ಕಿರೋ 'ಶಾಲೋಮ್' (ಸಮಾಧಾನ, ಕ್ಷೇಮ) ಪದದ ಎದುರಿಗೆ ಬಂದಿರೋದ್ರಿಂದ ವಿಪತ್ತು ಅಂತ ಓದೋದೇ ಸರಿ, ದೇವರು ಪಾಪ ಹುಟ್ಟಿಸ್ತಾನೆ ಅಂತಲ್ಲ.

ಆದ್ರೆ ಯೋಬನಿಗೆ "ಯೆಹೋವನೇ ಕೊಟ್ಟನು" ಅನ್ನೋ ಆ ಮಾತನ್ನ ಬೇರೆ ಯಾರೂ ಹೇಳ್ಕೊಡ್ಲಿಲ್ಲ. 7 ಗಂಡುಮಕ್ಕಳು 3 ಹೆಣ್ಣುಮಕ್ಕಳು ಒಂದೇ ದಿನ ಸತ್ತಾಗ ಅವನ ಬಾಯಿಂದಲೇ ಬಂದಿದ್ದು ಅದು. ಗೆಳೆಯರು ಬಂದು 7 ದಿನ 7 ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ರು, ಅವರು ಮಾಡಿದ್ರಲ್ಲಿ ಅದೊಂದೇ ಒಳ್ಳೇ ಕೆಲಸ ಅಂತ ನನಗನ್ಸುತ್ತೆ, ಯಾಕಂದ್ರೆ ಬಾಯಿ ಬಿಟ್ಟ ಮೇಲೆ ನೀನು ಪಾಪ ಮಾಡಿದ್ದಕ್ಕೇ ಹೀಗಾಯ್ತು ಅಂತ ಶುರು ಮಾಡಿದ್ರು. ದೇವರನ್ನೇ ನೇರವಾಗಿ ಪ್ರಶ್ನೆ ಮಾಡಿ ಜಗಳ ಆಡಿದವನು ಯೋಬ. ಕೊನೇಗೆ ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗಿದ್ದು ಆ ಗೆಳೆಯರ ಮೇಲೇ, ಅಂದ್ರೆ ಎಲೀಫಜ ಮತ್ತವನ ಇಬ್ಬರು ಸ್ನೇಹಿತರ ಮೇಲೆ, ನನ್ನ ದಾಸ ಯೋಬನ ಹಾಗೆ ನೀವು ನನ್ನ ಬಗ್ಗೆ ಸರಿಯಾದ್ದನ್ನ ಮಾತಾಡ್ಲಿಲ್ಲ ಅಂತ. ದೇವರ ಪರ ವಾದ ಮಾಡೋಕೆ ಹೋದೋರಿಗೇ ಈ ಮಾತು!

ಬೈಬಲಿನ ರೂತಳ ಕಥೇಲಿ ಬರೋ ಅವಳ ಅತ್ತೆ ನೊವೊಮಿನೂ ಗಂಡ, ಇಬ್ಬರು ಗಂಡುಮಕ್ಕಳನ್ನ ಕಳ್ಕೊಂಡು ಬೆತ್ಲೆಹೇಮಿಗೆ ವಾಪಸ್ ಬಂದಾಗ, ನನ್ನನ್ನ ಮಾರಾ (ಅಂದ್ರೆ ಕಹಿ) ಅಂತ ಕರೀರಿ, ಸರ್ವಶಕ್ತನೇ ನನ್ನ ಬಾಳನ್ನ ಕಹಿ ಮಾಡಿದ್ದಾನೆ ಅಂದ್ಳು. ಅವಳಿಗೆ ಯಾರೂ ಬೈದಿಲ್ಲ. ಯೆರೂಸಲೇಮಿನ ಸಿಲೋವದ ಬುರುಜು ಬಿದ್ದು ಸತ್ತ 18 ಜನ ಬೇರೆಯವರಿಗಿಂತ ಹೆಚ್ಚು ತಪ್ಪಿತಸ್ಥರಾಗಿದ್ರಾ ಅಂತ ಯೇಸು ಕೇಳಿ, ಇಲ್ಲ ಅಂತ ತಾನೇ ಉತ್ತರ ಕೊಟ್ಟ.

ಅದಕ್ಕೇ ಕ್ರೈಸ್ತ ಸಭೆಗಳನ್ನ ನಡೆಸೋರಲ್ಲಿ ಒಂದು ವಿನಂತಿ. ಸಾವಿನ ಮನೇಲಿ ಯೋಬ 1:21 ಓದೋದಾದ್ರೆ, ಅವನು ಹುಟ್ಟಿದ ದಿನಾನೇ ಶಪಿಸೋ 3ನೇ ಅಧ್ಯಾಯಾನೂ ಓದಿ. ಅಕ್ಕ ಮತ್ತೆ ಬೈಬಲ್ ತೆಗೆದಾಗ ಮೊದಲು ಓದಿದ್ದು ಅದನ್ನೇ.

ಇತಿ, ಒಬ್ಬ ಓದುಗ